ಆಪರೇಷನ್ ರೋಗಿಯ ಆತಂಕ, ಖಿನ್ನತೆ: ದಿನ ಗೊತ್ತಾದಲ್ಲಿಂದ ಮೂರನೇ ತಿಂಗಳವರೆಗೆ ಮನೆಯವರು ಮಾಡಬೇಕಾದದ್ದು

"ಪೇಷಂಟ್ ಕಡೆಯವರು ಯಾರಿದ್ದೀರಿ?" ಎಂದು ವಾರ್ಡಿನ ಬಾಗಿಲಲ್ಲಿ ಕೂಗಿದಾಗ ಎದ್ದು ನಿಲ್ಲುವವರಿಗಾಗಿ ಈ ಮಾರ್ಗದರ್ಶಿ. ಬಿಲ್ಲು ಕಟ್ಟುವುದು, ರಕ್ತ ಹೊಂದಿಸುವುದು, ಔಷಧಿ ತರುವುದು ನಿಮ್ಮ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ರೋಗಿಯ ಮನಸ್ಸನ್ನು ಗಮನಿಸುವುದೂ ನಿಮ್ಮ ಕೆಲಸವೇ ಎಂದು ಹೇಳುವವರು ಕಡಿಮೆ. ಸರ್ಜನ್ ರೌಂಡ್ಸಿಗೆ ಬಂದಾಗ ಕೆಲವೇ ನಿಮಿಷ ಹಾಸಿಗೆಯ ಬಳಿ ನಿಲ್ಲುತ್ತಾರೆ. ಉಳಿದ ಹೊತ್ತೆಲ್ಲ ರೋಗಿಯ ಮುಖ ನೋಡುತ್ತ ಕೂತಿರುವವರು ನೀವು. ಬದಲಾವಣೆ ಮೊದಲು ಕಾಣುವುದೂ ನಿಮಗೇ.

"ನನಗೆ ಖಿನ್ನತೆ ಬಂದಿದೆ" ಎಂದು ರೋಗಿ ಹೇಳುವುದು ಅಪರೂಪ. "ಎದೆ ಡವಡವ ಅಂತಿದೆ", "ಹೊಟ್ಟೇಲಿ ಏನೋ ತಳಮಳ", "ಬಾಯಿಗೆ ಏನೂ ಸೇರ್ತಿಲ್ಲ", "ನಿಮಗೆಲ್ಲ ಸುಮ್ಮನೆ ತೊಂದರೆ ಕೊಟ್ಟೆ" — ಮಾತು ಹೀಗೆ ಬರುತ್ತದೆ. ಕೊನೆಯದನ್ನು ನಾವು ದೊಡ್ಡವರ ಸಂಕೋಚ ಅಂದುಕೊಂಡು ಬಿಟ್ಟುಬಿಡುತ್ತೇವೆ. ಆದರೆ ಅದೇ ಮಾತು ದಿನಕ್ಕೆ ನಾಲ್ಕೈದು ಸಲ ಬರುತ್ತಿದ್ದರೆ ಅದು ಸಂಕೋಚವಲ್ಲ. ತಾನು ಹೊರೆ ಎಂಬ ಭಾವನೆ ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು.

ಇದನ್ನು ಬಿಪಿ, ಶುಗರಿನಷ್ಟೇ ಗಂಭೀರವಾಗಿ ನೋಡಬೇಕು. ಹೆದರಿದ ರೋಗಿಗೆ ನೋವು ಹೆಚ್ಚು ಕಾಣುತ್ತದೆ. ಆಪರೇಷನ್ ದಿನ ಬೆಳಿಗ್ಗೆ ಬಿಪಿ ತೀರಾ ಏರಿದರೆ ಆಪರೇಷನ್ ಮುಂದಕ್ಕೂ ಹೋಗಬಹುದು. ಖಿನ್ನತೆಯಲ್ಲಿರುವ ರೋಗಿ ಮೂರು ಬಾಲಿನ ಉಸಿರಾಟದ ಸಾಧನವನ್ನು ಕೈಗೆತ್ತಿಕೊಳ್ಳುವುದಿಲ್ಲ, ಎದ್ದು ನಡೆಯುವುದಿಲ್ಲ, ಊಟ ಸರಿಯಾಗಿ ಮಾಡುವುದಿಲ್ಲ. ಅದರಿಂದಲೇ ಎದೆಯಲ್ಲಿ ಕಫ ಕಟ್ಟುವುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಗಾಯ ನಿಧಾನವಾಗಿ ಮಾಯುವುದು. ಹೃದಯದ ಬೈಪಾಸ್ ಆದ ಐವರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆ ಬೇಕಾಗುವ ಮಟ್ಟದ ಖಿನ್ನತೆ ಇರುತ್ತದೆ. ಆಪರೇಷನ್ನಿಗೆ ಮುಂಚೆಯೇ ಮನಸ್ಸು ಕುಗ್ಗಿದ್ದವರಲ್ಲಿ ನಂತರವೂ ಅದು ಉಳಿಯುವ ಸಾಧ್ಯತೆ ಹೆಚ್ಚು. ಹಾಗಾಗಿ ಕೆಲಸ ಆಪರೇಷನ್ ದಿನ ಗೊತ್ತಾದಾಗಲೇ ಶುರುವಾಗಬೇಕು.

ದಿನ ಗೊತ್ತಾದ ಕೂಡಲೇ: ಒಂದು ಹಾಳೆ ಬರೆದಿಡಿ

ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಳಗಿನವನ್ನು ಬರೆದು ಅನಸ್ತೇಷಿಯಾ ಡಾಕ್ಟರಿಗೆ (ಆಪರೇಷನ್ನಿಗೆ ಮತ್ತು ಬರಿಸುವವರು) ತೋರಿಸಿ. ಬಾಯಿಮಾತಿಗೆ ಬಿಟ್ಟರೆ ಅರ್ಧ ಮರೆತುಹೋಗುತ್ತದೆ, ಇನ್ನರ್ಧ ನಾಚಿಕೆಯಲ್ಲಿ ಉಳಿದುಹೋಗುತ್ತದೆ.

ಮೊದಲನೆಯದು, ಮನಸ್ಸಿಗೆ, ನಿದ್ದೆಗೆ ಎಂದು ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್, ಫ್ಲುಯೊಕ್ಸೆಟಿನ್ ಜಾತಿಯ ಖಿನ್ನತೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಆಪರೇಷನ್ ದಿನದವರೆಗೂ ಮುಂದುವರಿಸುತ್ತಾರೆ. ಮನೆಯವರೇ ನಿರ್ಧರಿಸಿ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಶುರುವಾಗಿ ಹಳೆಯ ಕಾಯಿಲೆಯೂ ಮರಳಬಹುದು. ಮುಚ್ಚಿಟ್ಟರೆ ಇನ್ನೊಂದು ಅಪಾಯ. ಈ ಮಾತ್ರೆಗಳ ಜೊತೆ ಟ್ರಾಮಡಾಲ್ ಎಂಬ ನೋವಿನ ಔಷಧಿ ಸೇರಿದರೆ ನಡುಕ, ಜ್ವರ, ಗೊಂದಲದ ಗಂಭೀರ ಸ್ಥಿತಿ ಬರಬಹುದು. ಆಸ್ಪಿರಿನ್ ಮತ್ತು ಕೆಲವು ನೋವಿನ ಮಾತ್ರೆಗಳ ಜೊತೆ ರಕ್ತಸ್ರಾವದ ಸಾಧ್ಯತೆ ಏರುತ್ತದೆ. ಗೊತ್ತಿದ್ದರೆ ಡಾಕ್ಟರು ಬೇರೆ ಔಷಧಿ ಆರಿಸುತ್ತಾರೆ, ಅಷ್ಟೇ. ಮನಸ್ಸಿನ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರ ವಿಷಯ ಬೇರೆ: ದೊಡ್ಡ ಆಪರೇಷನ್ನಿಗೆ ಮುಂಚೆ ಅದನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂದು ಮನೋವೈದ್ಯರೂ ಅನಸ್ತೇಷಿಯಾ ಡಾಕ್ಟರೂ ಸೇರಿ ಹೇಳಬೇಕು.

ನಿದ್ದೆ ಮಾತ್ರೆಯನ್ನು ಜನ ಔಷಧಿ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. "ರಾತ್ರಿ ಒಂದು ಸಣ್ಣದು ತಗೋತೀನಿ, ಅಷ್ಟೇ" ಎನ್ನುವ ಆ ಸಣ್ಣದು ಅಲ್ಪ್ರಾಜೋಲಾಮ್ ಅಥವಾ ಕ್ಲೋನಾಜೆಪಾಮ್ ಆಗಿರಬಹುದು. ವರ್ಷಗಟ್ಟಲೆ ತೆಗೆದುಕೊಂಡವರಿಗೆ ಆಸ್ಪತ್ರೆಯಲ್ಲಿ ಅದು ತಟ್ಟನೆ ತಪ್ಪಿದರೆ ವಿಪರೀತ ಆತಂಕ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ.

ಎರಡನೆಯದು ಕುಡಿತ. ಇದನ್ನು ಸೊಸೆಯ ಎದುರೋ ಮಕ್ಕಳ ಎದುರೋ ಕೇಳಬೇಡಿ. ರೋಗಿ ಡಾಕ್ಟರ ಜೊತೆ ಒಬ್ಬರೇ ಇರುವಾಗ ಮಾತಾಗಲಿ. ದಿನಾ ಕುಡಿಯುವವರು ನಿಲ್ಲಿಸಿದ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ಗಾಬರಿ ಶುರುವಾಗುತ್ತದೆ. 2ರಿಂದ 4ನೇ ದಿನದ ಹೊತ್ತಿಗೆ ಭ್ರಮೆ, ತೀವ್ರ ಗೊಂದಲಕ್ಕೆ ತಿರುಗಬಹುದು. ಅದು ಜೀವಕ್ಕೇ ಅಪಾಯ. ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ — ಈ ಮೂರನ್ನು ಸತ್ಯವಾಗಿ ಹೇಳಿದರೆ ಮೊದಲೇ ಔಷಧಿ ಕೊಟ್ಟು ತಡೆಯಲು ಸಾಧ್ಯ. ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿಯನ್ನೂ ಬರೆಯಿರಿ. ನಿಕೋಟಿನ್ ತಪ್ಪಿದ ಸಿಡುಕು ಎರಡನೇ, ಮೂರನೇ ದಿನ ಏರುತ್ತದೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರಿಗೆ ಅದು ನಿಂತ ಮರುದಿನ ತಲೆನೋವು ಬರುವುದೂ ಇದೆ. ಗೊತ್ತಿಲ್ಲದಿದ್ದರೆ ಅದನ್ನೇ "ಏನೋ ಕೆಟ್ಟದಾಗಿದೆ" ಎಂದುಕೊಂಡು ಇನ್ನಷ್ಟು ಹೆದರುತ್ತಾರೆ.

ಮೂರನೆಯದು, ಹಿಂದೆ ಎಂದಾದರೂ ಖಿನ್ನತೆ, ಪ್ಯಾನಿಕ್ (ಹಠಾತ್ತನೆ ಬರುವ ವಿಪರೀತ ಗಾಬರಿ), ಆತ್ಮಹತ್ಯೆಯ ಪ್ರಯತ್ನ ಆಗಿತ್ತೇ ಎಂಬುದು. ಹೆರಿಗೆಯ ನಂತರದ್ದನ್ನೂ ಸೇರಿಸಿ.

ಭಯವನ್ನು ಅಳೆಯುವುದು

ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಿದ್ಧವಾಗಿ 1996ರಲ್ಲಿ ಪ್ರಕಟವಾದ ಅಪೈಸ್ ಎಂಬ ಅಳತೆಪಟ್ಟಿ ಇದೆ. ಆಪರೇಷನ್ ಮುಂಚಿನ ಭಯಕ್ಕೆಂದೇ ಮಾಡಿದ್ದು. ಆರೇ ಅಂಶ, ಎರಡು ನಿಮಿಷ ಸಾಕು. ಅನಸ್ತೇಷಿಯಾ ಕೊಡುವುದರ ಬಗ್ಗೆ ಮೂರು ಅಂಶ: ಚಿಂತೆ ಇದೆಯೇ, ಅದೇ ತಲೆಯಲ್ಲಿ ಸುತ್ತುತ್ತಿದೆಯೇ, ಅದರ ಬಗ್ಗೆ ಸಾಧ್ಯವಾದಷ್ಟು ತಿಳಿಯಬೇಕೇ. ಆಪರೇಷನ್ ಬಗ್ಗೆಯೂ ಇದೇ ಮೂರು. ಒಂದೊಂದಕ್ಕೂ 1ರಿಂದ 5 ಅಂಕ. ಸ್ವಲ್ಪವೂ ಇಲ್ಲ ಅಂದರೆ 1, ವಿಪರೀತ ಅಂದರೆ 5. ಚಿಂತೆಯ ನಾಲ್ಕು ಅಂಶಗಳ ಮೊತ್ತ 11 ಅಥವಾ ಹೆಚ್ಚಿದ್ದರೆ ಆ ರೋಗಿಗೆ ವಿಶೇಷ ಗಮನ ಬೇಕು ಎಂದು ಲೆಕ್ಕ.

ಇದರಲ್ಲಿ ನಮಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುವುದು ತಿಳಿಯುವ ಆಸೆಯ ಎರಡು ಅಂಶಗಳು. ಎರಡೂ ಸೇರಿ 8 ಅಥವಾ ಹೆಚ್ಚು ಕೊಟ್ಟವರಿಗೆ ವಿವರ ಕೊಟ್ಟಷ್ಟೂ ಸಮಾಧಾನ. ಎಲ್ಲಿ ಕೊಯ್ಯುತ್ತಾರೆ, ಎಷ್ಟು ಹೊತ್ತು, ಎಚ್ಚರವಾದಾಗ ಮೈಮೇಲೆ ಯಾವ ಯಾವ ನಳಿಗೆ ಇರುತ್ತದೆ ಎಂದೆಲ್ಲ ಹೇಳಿ. 4 ಅಥವಾ ಕಡಿಮೆ ಕೊಟ್ಟವರಿಗೆ ಅದನ್ನೆಲ್ಲ ಹೇಳಲು ಹೋದರೆ ಭಯ ಏರುತ್ತದೆ. ಅವರಿಗೆ ತಾವು ಏನು ಮಾಡಬೇಕು ಎಂಬಷ್ಟೇ ಸಾಕು. ಅಪ್ಪ ಒಂದು ಬಗೆ, ಅಮ್ಮ ಇನ್ನೊಂದು ಬಗೆ ಇರಬಹುದು. ಕೇಳದೆ ತಿಳಿಯುವುದಿಲ್ಲ.

ಅಳತೆಪಟ್ಟಿ ಸಿಗದಿದ್ದರೆ ಹೀಗೆ ಕೇಳಿ: "ಅಪ್ಪಾ, ಯಾವುದು ಜಾಸ್ತಿ ಕಾಡ್ತಿದೆ? ಮತ್ತು ಕೊಡೋದಾ, ನೋವಾ, ದುಡ್ಡಾ, ಇಲ್ಲಾ ಇನ್ನೇನಾದ್ರೂನಾ?" ಕೇಳಿ ಸುಮ್ಮನಿರಿ. ಉತ್ತರ ಬರಲು ಒಂದು ನಿಮಿಷ ಹಿಡಿಯಬಹುದು. "ಭಯ ಪಡ್ಬೇಡ, ಏನೂ ಆಗಲ್ಲ" ಎಂದು ತಕ್ಷಣ ಮುಚ್ಚಿಬಿಟ್ಟರೆ ಮುಂದೆ ಅವರು ಬಾಯಿಬಿಡುವುದಿಲ್ಲ. ಭಯ ಹೋಗಿರುವುದಿಲ್ಲ, ಹೇಳುವ ದಾರಿ ಮಾತ್ರ ಮುಚ್ಚಿರುತ್ತದೆ.

ಒಂದೊಂದು ಭಯಕ್ಕೂ ಒಂದೊಂದು ಉತ್ತರ

"ಮತ್ತು ಕೊಟ್ಟ ಮೇಲೆ ಏಳದೇ ಹೋದರೆ?" "ನಡುವೆ ಎಚ್ಚರವಾಗಿಬಿಟ್ಟರೆ?" ಇವಕ್ಕೆ ಉತ್ತರ ಕೊಡಬೇಕಾದವರು ಅನಸ್ತೇಷಿಯಾ ಡಾಕ್ಟರು. ಪೂರ್ತಿ ಮತ್ತೋ, ಬೆನ್ನಿಗೆ ಇಂಜೆಕ್ಷನ್ನೋ, ನಡುವೆ ಪಕ್ಕದಲ್ಲೇ ಯಾರಿರುತ್ತಾರೆ, ಎದ್ದಾಗ ನೋವಿಗೆ ಏನು ಕೊಡುತ್ತಾರೆ ಎಂದು ರೋಗಿಯ ಎದುರಲ್ಲೇ ಕೇಳಿ. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆದ 97 ರೋಗಿಗಳ ಮೇಲೆ ನಡೆದ ಅಧ್ಯಯನ 1964ರಲ್ಲಿ ಪ್ರಕಟವಾಯಿತು. ನೋವು ಎಲ್ಲಿ, ಎಷ್ಟು ದಿನ ಇರುತ್ತದೆ, ಮಗ್ಗುಲಾಗುವಾಗ ಮೈ ಹೇಗೆ ಸಡಿಲ ಬಿಡಬೇಕು ಎಂದು ಅನಸ್ತೇಷಿಯಾ ಡಾಕ್ಟರು ಮೊದಲೇ ಕೂತು ಹೇಳಿಕೊಟ್ಟ ಗುಂಪಿಗೆ ನೋವಿನ ಇಂಜೆಕ್ಷನ್ ಅರ್ಧದಷ್ಟೇ ಸಾಕಾಯಿತು. ಯಾರಿಗೆ ಹೇಳಿಕೊಟ್ಟಿದ್ದಾರೆ ಎಂದು ಗೊತ್ತಿಲ್ಲದ ಸರ್ಜನ್ನರು ಅವರನ್ನೇ ಸರಾಸರಿ 2.7 ದಿನ ಮುಂಚೆ ಮನೆಗೆ ಕಳಿಸಿದರು. ಖರ್ಚಿಲ್ಲದ ಚಿಕಿತ್ಸೆ ಇದು. ನಮ್ಮಲ್ಲಿ ಕೇಳಿ ಪಡೆಯಬೇಕಾಗಿದೆ.

ದುಡ್ಡಿನ ಭಯವನ್ನು ರೋಗಿಗೆ ತಿಳಿಯದಂತೆ ನಿಭಾಯಿಸಲು ಹೋಗಬೇಡಿ. ಕಾರಿಡಾರಿನಲ್ಲಿ ಫೋನಿನಲ್ಲಿ ಸಾಲ ಕೇಳುವ ಮಾತು ಒಳಗೆ ಕೇಳಿಸುತ್ತದೆ. ಎಸ್ಟಿಮೇಟ್ ಬರೆಸಿಕೊಂಡು, ಎಷ್ಟು ಹೊಂದಿದೆ ಎಂದು ನೇರ ಹೇಳಿಬಿಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ. ಅನುಮೋದನೆಯ ಕಾಗದ ಆಪರೇಷನ್ನಿಗೆ ಮುಂಚೆಯೇ ಕೈಗೆ ಬಂದರೆ ಅದನ್ನು ರೋಗಿಗೆ ತೋರಿಸಿ.

ದಿನ, ಗಳಿಗೆಯ ಚಿಂತೆಯೂ ನಿಜವಾದ ಚಿಂತೆಯೇ. ಅಮಾವಾಸ್ಯೆ, ರಾಹುಕಾಲ ನೋಡುವ ಮನೆಯಾದರೆ ಡೇಟ್ ಕೊಡುವಾಗಲೇ ಸರ್ಜನ್ ಬಳಿ ಹೇಳಿ. ತುರ್ತಿಲ್ಲದ ಆಪರೇಷನ್ನಿಗೆ ಎರಡು ದಿನ ಆಚೀಚೆ ಮಾಡಿಕೊಡುವುದು ಕಷ್ಟವಲ್ಲ. ಅಂದು ಬೆಳಿಗ್ಗೆ ಹೇಳಿದರೆ ಯಾರಿಂದಲೂ ಆಗದು. ಅಪೆಂಡಿಕ್ಸ್ ಒಡೆದಿರುವಾಗ, ಎಲುಬು ಮುರಿದು ರಕ್ತ ಹೋಗುತ್ತಿರುವಾಗ ಮಾತ್ರ ಗಳಿಗೆ ಕಾಯಬೇಡಿ.

ಮಾಂಗಲ್ಯ ತೆಗೆಯುವ ಸಂಗತಿಯನ್ನೂ ಹಿಂದಿನ ದಿನವೇ ಹೇಳಿರಬೇಕು. ಆಪರೇಷನ್‌ನಲ್ಲಿ ರಕ್ತಸ್ರಾವ ತಡೆಯಲು ವಿದ್ಯುತ್ತಿನ ಉಪಕರಣ ಬಳಸುತ್ತಾರೆ. ಮೈಮೇಲೆ ಲೋಹ ಇದ್ದರೆ ಆ ಜಾಗ ಸುಡುವ ಅಪಾಯವಿದೆ. ಕೈ ಊದಿಕೊಂಡರೆ ಬಳೆ, ಉಂಗುರ ಬಿಗಿಯುತ್ತದೆ. ಅದಕ್ಕೇ ತೆಗೆಸುವುದು. ಓಟಿ (ಆಪರೇಷನ್ ಕೋಣೆ) ಬಾಗಿಲಲ್ಲಿ ಸಿಸ್ಟರ್ ಅವಸರದಲ್ಲಿ "ತೆಗೀರಿ ತೆಗೀರಿ" ಎಂದಾಗ ಎಷ್ಟೋ ಹೆಣ್ಣುಮಕ್ಕಳು ಅಲ್ಲೇ ಕುಸಿಯುತ್ತಾರೆ, ಅದನ್ನು ಅಪಶಕುನ ಎಂದು ಮನಸ್ಸಿಗೆ ಹಚ್ಚಿಕೊಂಡೇ ಒಳಗೆ ಹೋಗುತ್ತಾರೆ. ಹಿಂದಿನ ಸಂಜೆ ದೇವರ ಮುಂದೆ ತೆಗೆದು ಗಂಡನ ಕೈಗೋ ಅತ್ತೆಯ ಕೈಗೋ ಕೊಟ್ಟು, ಮರಳಿ ಯಾವಾಗ ಹಾಕಿಕೊಳ್ಳಬಹುದು ಎಂದೂ ಕೇಳಿಟ್ಟುಕೊಂಡರೆ ಮನಸ್ಸು ಹಗುರಾಗುತ್ತದೆ. ಕೈಗೆ ಕಟ್ಟಿದ ಹರಕೆಯ ದಾರವನ್ನು ಬಿಡುತ್ತಾರೆಯೇ ಎಂದು ಕೇಳಿ. ಬೇಡ ಎಂದರೆ ಅದನ್ನೂ ಹಿಂದಿನ ದಿನವೇ ಬಿಚ್ಚಿ.

ಕಾಯಿಲೆಯ ಹೆಸರನ್ನು ರೋಗಿಗೆ ಮುಚ್ಚಿಡುವ ಬಗ್ಗೆ

ಇದರಲ್ಲಿ ನಮ್ಮ ಅಭಿಪ್ರಾಯ ಖಚಿತ: ಮುಚ್ಚಿಡಬೇಡಿ. "ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ" ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಎಲ್ಲರೂ ಹೊರಗೆ ಹೋಗಿ ಅತ್ತು ಕಣ್ಣೊರೆಸಿಕೊಂಡು ಬರುವುದು ಅಮ್ಮನಿಗೆ ಕಾಣುತ್ತದೆ. ವಾರ್ಡಿನ ಬೋರ್ಡು, ಪಕ್ಕದ ಹಾಸಿಗೆಯವರ ಮಾತು, ಫೈಲಿನ ಮೇಲಿನ ಸೀಲು — ಗುಟ್ಟು ಉಳಿಯುವುದಿಲ್ಲ. ಆಗ ಕಾಯಿಲೆಯ ಭಯದ ಜೊತೆ, ಮನೆಯವರೇ ಸುಳ್ಳು ಹೇಳಿದರಲ್ಲ ಎಂಬ ಒಂಟಿತನವೂ ಸೇರುತ್ತದೆ. ಮುಂದೆ "ಈಗ ಎಲ್ಲ ತೆಗೆದಿದ್ದಾರೆ" ಎಂಬ ನಿಜವನ್ನು ಹೇಳಿದರೂ ನಂಬುವುದಿಲ್ಲ.

ಕಾನೂನೂ ಇದೇ ದಾರಿಯಲ್ಲಿದೆ. ಪ್ರಜ್ಞೆ ಸರಿಯಿರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ರೋಗಿಯಿಂದಲೇ ಪಡೆಯಬೇಕು, ತಾಯಿಯ ಒಪ್ಪಿಗೆ ಅದಕ್ಕೆ ಬದಲಿಯಲ್ಲ ಎಂದು ಸುಪ್ರೀಂ ಕೋರ್ಟ್ 2008ರ ತೀರ್ಪಿನಲ್ಲಿ ಹೇಳಿದೆ. ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿ.

ಹೇಳುವ ಕ್ರಮ ಹೀಗಿರಲಿ. ಡಾಕ್ಟರು ಹೇಳಲಿ, ಹತ್ತಿರದ ಒಬ್ಬರು ಪಕ್ಕದಲ್ಲಿರಲಿ. ಮೊದಲು "ನಿಮಗೆ ಏನಾಗಿದೆ ಅಂತ ನೀವು ತಿಳ್ಕೊಂಡಿದ್ದೀರಿ?" ಎಂದು ಕೇಳಬೇಕು. ಎಷ್ಟು ತಿಳಿಯಬೇಕು ಎಂದು ಅವರೇ ಹೇಳಲಿ. ಕಾಯಿಲೆಯ ಹೆಸರು ಹೇಳಿದ ಉಸಿರಲ್ಲೇ ಮುಂದಿನ ಹೆಜ್ಜೆ ಏನು ಎಂಬುದೂ ಬರಲಿ. "ನನಗೆ ಬೇಡ, ಮಗನಿಗೆ ಹೇಳಿ" ಎಂದು ರೋಗಿಯೇ ಅಂದರೆ ಅದು ಅವರ ಹಕ್ಕು, ಹಾಗೇ ಮಾಡಿ.

ಹಿಂದಿನ ವಾರ ಮತ್ತು ಹಿಂದಿನ ರಾತ್ರಿ

ಉಸಿರಾಟದ ಅಭ್ಯಾಸವನ್ನು ಒಂದು ವಾರ ಮುಂಚೆ ಶುರು ಮಾಡಿ. ಓಟಿ ಮೇಜಿನ ಮೇಲೆ ಹೊಸದಾಗಿ ಕಲಿಯಲು ಆಗುವುದಿಲ್ಲ. ಮೂಗಿನಿಂದ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ನಿಧಾನ ಹೊರಗೆ. ಹೊಟ್ಟೆಯ ಮೇಲೆ ಕೈ ಇಟ್ಟರೆ ಕೈ ಮೇಲೇಳಬೇಕು. ಒಂದು ಸಲಕ್ಕೆ 5 ನಿಮಿಷ, ದಿನಕ್ಕೆ ಎರಡು ಸಲ. ತಲೆ ಸುತ್ತಿ ಬೆರಳು ಜುಮ್ಮೆಂದರೆ ವೇಗ ಹೆಚ್ಚಾಗಿದೆ ಎಂದರ್ಥ. ನಿಲ್ಲಿಸಿ ಸಹಜವಾಗಿ ಉಸಿರಾಡಿ, ಆಮೇಲೆ ಇನ್ನೂ ನಿಧಾನಕ್ಕೆ ಶುರು ಮಾಡಿ.

ಉಪವಾಸದ ಸಮಯವನ್ನು ಬರೆಸಿಕೊಳ್ಳಿ. ಸಾಮಾನ್ಯ ನಿಯಮ: ಗಟ್ಟಿ ಆಹಾರ, ಹಾಲು ಆಪರೇಷನ್ನಿಗೆ 6 ಗಂಟೆ ಮುಂಚೆ ನಿಲ್ಲಬೇಕು, ಬರೀ ನೀರು 2 ಗಂಟೆ ಮುಂಚಿನವರೆಗೆ. ಆದರೆ ನಿಮ್ಮ ಡಾಕ್ಟರು ಹೇಳಿದ ಸಮಯವೇ ಅಂತಿಮ. "ರಾತ್ರಿಯಿಂದ ಏನೂ ಬೇಡ" ಎಂದು ಒಟ್ಟಾರೆ ಹೇಳಿ ಮಧ್ಯಾಹ್ನದ ಕೇಸಿಗೂ ಬಾಯಾರಿಸಿ ಕೂರಿಸಿದರೆ ತಲೆನೋವು, ಗಾಬರಿ ಎರಡೂ ಏರುತ್ತವೆ. ಶುಗರ್ ರೋಗಿಗಳಲ್ಲಿ ಶುಗರ್ ಇಳಿದರೂ ಬೆವರು, ನಡುಕ ಬರುತ್ತದೆ; ನೋಡುವವರು ಅದನ್ನು ಭಯ ಎಂದುಕೊಳ್ಳುತ್ತಾರೆ.

ನಿದ್ದೆ ಬರದಿದ್ದರೆ ವಾರ್ಡಿನ ಡಾಕ್ಟರನ್ನು ಕೇಳಿ, ಮನೆಯಿಂದ ತಂದ ಮಾತ್ರೆ ಕೊಡಬೇಡಿ. 65 ದಾಟಿದವರಿಗೆ, ನಿದ್ದೆಯಲ್ಲಿ ಗೊರಕೆ ನಿಂತು ಉಸಿರು ಕಟ್ಟುವವರಿಗೆ ನಿದ್ದೆ ಮಾತ್ರೆ ಅಪಾಯ ತರಬಹುದು.

ಆಪರೇಷನ್ ಆದ ಮೊದಲ ಮೂರು ದಿನ: ಮೊದಲು ದೇಹ, ಆಮೇಲೆ ಮನಸ್ಸು

ಆಪರೇಷನ್ ಆದವರು ಹಠಾತ್ತನೆ ಗಾಬರಿಗೊಂಡರೆ ಸಮಾಧಾನ ಹೇಳುತ್ತ ಕೂರಬೇಡಿ, ಸಿಸ್ಟರನ್ನು ಕರೆಯಿರಿ. ಆಮ್ಲಜನಕ ಇಳಿದಿರಬಹುದು, ಒಳಗೆ ರಕ್ತ ಹೋಗುತ್ತಿರಬಹುದು, ಶುಗರ್ ಬಿದ್ದಿರಬಹುದು, ಶ್ವಾಸಕೋಶಕ್ಕೆ ಹೆಪ್ಪು ಹೋಗಿರಬಹುದು, ಹೃದಯಾಘಾತವೂ ಆಗಿರಬಹುದು. ಇವೆಲ್ಲ ಮೊದಲು ಕಾಣಿಸಿಕೊಳ್ಳುವುದು "ಏನೋ ಆಗ್ತಿದೆ" ಎಂಬ ಭಯವಾಗಿಯೇ. ಇನ್ನೊಂದು ಕಡೆ ಬಹಳ ಸಣ್ಣ ಕಾರಣವೂ ಇರುತ್ತದೆ: ಮೂತ್ರದ ಕ್ಯಾತಿಟರ್ (ನಳಿಗೆ) ಮಡಚಿಕೊಂಡು ಚೀಲಕ್ಕೆ ಇಳಿಯದೆ ಹೊಟ್ಟೆ ಬಿಗಿದಿರುವುದು. ಹಾಸಿಗೆಯ ಪಕ್ಕ ನಳಿಗೆಯನ್ನು ಕಣ್ಣಾಡಿಸಿ ನೋಡಿ. ರೋಗಿಯ ತೊಡೆಯ ಕೆಳಗೆ ಸಿಕ್ಕಿಕೊಂಡಿದ್ದರೆ ಸಿಸ್ಟರಿಗೆ ತೋರಿಸಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೆಲವರಿಗೆ ಕೂರಲಾರದ, ಮಲಗಲಾರದ ಚಡಪಡಿಕೆ ತರುತ್ತದೆ. ಅದೂ ಭಯವಲ್ಲ, ಔಷಧಿಯ ಅಡ್ಡಪರಿಣಾಮ. ಬೇರೆ ಔಷಧಿಗೆ ಬದಲಿಸಿದರೆ ಹೋಗುತ್ತದೆ.

ಈಗ ಅತಿ ಹೆಚ್ಚು ತಪ್ಪುವ ಜಾಗ. ಎರಡನೇ ದಿನ ಸಂಜೆಯಿಂದ ತಾತ ಮಾತು ಬಿಟ್ಟಿದ್ದಾರೆ, ಗೋಡೆ ನೋಡುತ್ತ ಮಲಗಿದ್ದಾರೆ, ಊಟ ಬೇಡ ಎನ್ನುತ್ತಾರೆ. ಮನೆಯವರು "ಬೇಜಾರಾಗಿದೆ, ಬಿಡಿ" ಎನ್ನುತ್ತಾರೆ. ಇದು ಬಹಳ ಸಲ ಖಿನ್ನತೆಯೇ ಅಲ್ಲ, ಡೆಲಿರಿಯಂ: ಸೋಂಕು, ಔಷಧಿ, ನಿರ್ಜಲೀಕರಣ, ಸೋಡಿಯಂ ಏರುಪೇರು, ನಿದ್ದೆಗೇಡುಗಳಿಂದ ಮಿದುಳಿಗೆ ಬರುವ ತಾತ್ಕಾಲಿಕ ಗೊಂದಲ. ಕೂಗಾಡುವ ಡೆಲಿರಿಯಂ ಎಲ್ಲರ ಕಣ್ಣಿಗೂ ಬೀಳುತ್ತದೆ. ಸದ್ದಿಲ್ಲದ ಈ ಬಗೆ ಹಾಗೇ ದಾಟಿಹೋಗುತ್ತದೆ. ತೊಡೆಯೆಲುಬು ಮುರಿದ ಹಿರಿಯರಲ್ಲಿ, ಹೃದಯದ ಆಪರೇಷನ್ ಆದವರಲ್ಲಿ, ಮೊದಲೇ ಮರೆವು ಇದ್ದವರಲ್ಲಿ ಇದು ಹೆಚ್ಚು.

ಬೇರ್ಪಡಿಸುವುದು ಹೇಗೆ? ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ: "ಭಾನುವಾರ, ಶನಿವಾರ, ಶುಕ್ರವಾರ, ಮುಂದೆ ಹೇಳಿ ತಾತ." ಖಿನ್ನತೆಯಲ್ಲಿರುವವರು ನಿಧಾನಕ್ಕೆ, ಬೇಸರದಿಂದಲಾದರೂ ಹೇಳಿ ಮುಗಿಸುತ್ತಾರೆ. ಡೆಲಿರಿಯಂ ಆದವರು ಗುರುವಾರದ ಹತ್ತಿರ ಎಳೆ ತಪ್ಪಿ ಬೇರೆಲ್ಲೋ ಹೋಗುತ್ತಾರೆ, ಅಥವಾ ಪ್ರಶ್ನೆಯನ್ನೇ ಮರೆಯುತ್ತಾರೆ. ಎರಡನೆಯ ಗುರುತು ಏರಿಳಿತ: ಬೆಳಿಗ್ಗೆ ಸರಿ, ಸಂಜೆ ಗೊಂದಲ. ಖಿನ್ನತೆ ವಾರಗಟ್ಟಲೆ ಹಿಡಿದು ಬರುತ್ತದೆ, ಡೆಲಿರಿಯಂ ಗಂಟೆಗಳಲ್ಲಿ ಬರುತ್ತದೆ. ಅನುಮಾನ ಬಂದರೆ "ನಿನ್ನೆ ಹೀಗಿರಲಿಲ್ಲ, ಇವತ್ತು ಸಂಜೆಯಿಂದ ಹೀಗಾಗಿದ್ದಾರೆ" ಎಂದು ಡಾಕ್ಟರಿಗೆ ಸಮಯದೊಂದಿಗೆ ಹೇಳಿ. ಈ ಒಂದು ವಾಕ್ಯ ಡಾಕ್ಟರಿಗೆ ದಾರಿ ತೋರಿಸುತ್ತದೆ.

"ನನ್ನ ಸಾಯಿಸೋಕೆ ಬಂದಿದ್ದಾರೆ", "ಗೋಡೆ ಮೇಲೆ ಹುಳ ಓಡಾಡ್ತಿವೆ" ಎಂದರೆ ಗಾಳಿ ಸೋಕಿದೆ ಎಂದು ಹೆದರಬೇಡಿ. ದೇವರ ಕುಂಕುಮ ಹಚ್ಚಿ, ಅದರಿಂದ ತೊಂದರೆಯಿಲ್ಲ. ಡಾಕ್ಟರಿಗೆ ಹೇಳುವುದು ಮಾತ್ರ ತಡವಾಗಬಾರದು. ವಾದ ಮಾಡಬೇಡಿ. ಹೆಸರು ಹಿಡಿದು, ನೀವು ಯಾರು, ಇದು ಯಾವ ಊರು, ಯಾವ ದಿನ ಎಂದು ಮೆಲ್ಲಗೆ ಹೇಳಿ. ಕನ್ನಡಕ, ಕಿವಿಯಂತ್ರ, ಹಲ್ಲಿನ ಸೆಟ್ ಓಟಿಗೆ ಹೋಗುವಾಗ ತೆಗೆದಿರುತ್ತಾರೆ, ಆಮೇಲೆ ಚೀಲದಲ್ಲೇ ಉಳಿದುಬಿಡುತ್ತವೆ. ಎಚ್ಚರವಾದ ಮೇಲೆ ಡಾಕ್ಟರನ್ನು ಕೇಳಿ ಮೊದಲು ಅವನ್ನೇ ಹಾಕಿ. ಹಗಲು ಬೆಳಕು ಬರಲಿ, ರಾತ್ರಿ ದೀಪ ಮಂದವಾಗಲಿ, ಒಪ್ಪಿಗೆ ಸಿಕ್ಕೊಡನೆ ಕೂರಿಸಿ, ನಡೆಸಿ.

ಕಿಟಕಿಯ ಪಕ್ಕದ ಹಾಸಿಗೆ ಖಾಲಿ ಇದ್ದರೆ ಕೇಳಿಕೊಳ್ಳಿ. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರನ್ನು ಹೋಲಿಸಿದ್ದರು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಪ್ರಬಲ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಯಿತು.

ನೋಡಲು ಬರುವವರ ವಿಷಯದಲ್ಲಿ ಗಟ್ಟಿಯಾಗಿರಿ. ಒಂದು ಸಲಕ್ಕೆ ಇಬ್ಬರು, ಹತ್ತು ನಿಮಿಷ. "ನಮ್ಮ ಚಿಕ್ಕಪ್ಪನಿಗೂ ಇದೇ ಆಪರೇಷನ್ ಆಗಿತ್ತು, ಪಾಪ..." ಎಂದು ಶುರು ಮಾಡುವವರನ್ನು ಕಾಫಿ ನೆಪದಲ್ಲಿ ಹೊರಗೆ ಕರೆದುಕೊಂಡು ಹೋಗಿ.

ಮನೆಗೆ ಬಂದ ಮೇಲೆ

ಮೊದಲ ಎರಡು ವಾರ ಅಳು ಬರುವುದು, ಸುಸ್ತು, ಸಣ್ಣದಕ್ಕೂ ಸಿಟ್ಟು ಬಹಳ ಜನರಿಗೆ ಇರುತ್ತದೆ. ಮುಖ್ಯವಾದದ್ದು ದಿಕ್ಕು. ಈ ವಾರ ಹೋದ ವಾರಕ್ಕಿಂತ ಹಗುರಾಗಿದೆಯೇ? ಹೌದಾದರೆ ಕಾಯಿರಿ. ಎರಡು ವಾರದುದ್ದಕ್ಕೂ, ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದರೆ, ಅಥವಾ ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅಳೆಯಬೇಕು. ಮೊಮ್ಮಗು ಬಂದರೂ ಮುಖ ಅರಳದಿರುವುದು, ದಿನಾ ಓದುತ್ತಿದ್ದ ಪೇಪರ್ ಮಡಚಿದಂತೆಯೇ ಬಿದ್ದಿರುವುದು ಇಂಥ ಗುರುತು.

ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪಟ್ಟಿಯಲ್ಲಿ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. 10 ಅಥವಾ ಹೆಚ್ಚು ಬಂದರೆ ಡಾಕ್ಟರನ್ನು ಕಾಣಬೇಕು, 15 ಅಥವಾ ಹೆಚ್ಚಾದರೆ ತಡ ಮಾಡಬಾರದು. ಆದರೆ ಇದರಲ್ಲಿ ನಿದ್ದೆ, ಹಸಿವು, ಸುಸ್ತಿನ ಪ್ರಶ್ನೆಗಳಿವೆ. ಆಪರೇಷನ್ ಆದ ಮೊದಲ ವಾರ ಯಾರಿಗಾದರೂ ಅವು ಇರುವಂಥವೇ; ಅಂಕ ಸುಮ್ಮನೆ ಏರುತ್ತದೆ. ಅದಕ್ಕೆ ಆಸ್ಪತ್ರೆಯಲ್ಲಿರುವಾಗ ಹ್ಯಾಡ್ಸ್ ಎಂಬ ಇನ್ನೊಂದು ಪಟ್ಟಿ ಹೆಚ್ಚು ಹೊಂದುತ್ತದೆ. 1983ರಲ್ಲಿ ಸಿದ್ಧವಾದ ಇದು ಮೈಯ ಲಕ್ಷಣಗಳನ್ನು ಬೇಕೆಂದೇ ಹೊರಗಿಟ್ಟಿದೆ. ಆತಂಕಕ್ಕೆ 7, ಖಿನ್ನತೆಗೆ 7 ಪ್ರಶ್ನೆ. ಯಾವುದೊಂದರಲ್ಲಾದರೂ 8ರಿಂದ 10 ಗಡಿ, 11 ಮತ್ತು ಮೇಲೆ ಬಂದರೆ ಪರೀಕ್ಷೆ ಬೇಕು. ಮನೆಗೆ ಬಂದು ಎರಡು ವಾರ, ಆರು ವಾರ, ಮೂರು ತಿಂಗಳಿಗೆ ಒಮ್ಮೊಮ್ಮೆ ಅಳೆದು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಡಾಕ್ಟರ ಬಳಿ ಹೋದಾಗ ರಕ್ತ ಪರೀಕ್ಷೆಯ ಬಗ್ಗೆ ಕೇಳಿ. ಹಿಮೋಗ್ಲೋಬಿನ್ ಇಳಿದಿದ್ದರೆ, ಸೋಡಿಯಂ ಕಡಿಮೆಯಿದ್ದರೆ ಖಿನ್ನತೆಯಂತೆಯೇ ಕಾಣುತ್ತದೆ. ಥೈರಾಯ್ಡ್ ತೆಗೆಸಿಕೊಂಡವರಲ್ಲಿ ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್, ಜಠರದ ಆಪರೇಷನ್ ಆದವರಲ್ಲಿ ಬಿ12 ನೋಡಲೇಬೇಕು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆ ಮುಟ್ಟು ನಿಲ್ಲುವ ಕಾಲದ ಬಿಸಿ, ಬೆವರು, ನಿದ್ದೆಗೇಡು, ಸಿಡುಕು ಒಂದೇ ಸಲಕ್ಕೆ ಬರುತ್ತದೆ. ಇದಕ್ಕೆ ಬೇರೆ ಚಿಕಿತ್ಸೆ ಇದೆ. "ಹೆಂಗಸರಿಗೆ ಇದ್ದದ್ದೇ" ಎಂದು ಬಿಡಬೇಡಿ. ಸ್ತನ ತೆಗೆಸಿಕೊಂಡವರು, ಹೊಟ್ಟೆಯ ಮೇಲೆ ಮಲದ ಚೀಲ ಬಂದವರು, ಕಾಲು ಕಳೆದುಕೊಂಡವರು ಕನ್ನಡಿ ನೋಡಲು, ಮದುವೆ-ಮುಂಜಿಗೆ ಹೋಗಲು ಹಿಂಜರಿಯುತ್ತಾರೆ. ಅವರಿಗೆ ಅದೇ ಆಪರೇಷನ್ ಆಗಿ ಒಂದು ವರ್ಷ ಕಳೆದವರೊಬ್ಬರನ್ನು ಭೇಟಿ ಮಾಡಿಸಲು ಆಗುತ್ತದೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಅಂಥವರ ಅರ್ಧ ಗಂಟೆಯ ಮಾತು ನಮ್ಮ ತಿಂಗಳ ಉಪದೇಶಕ್ಕಿಂತ ಹೆಚ್ಚು ಹಿಡಿಯುತ್ತದೆ.

ದಿನಚರಿಗೆ ಮೂರು ಸಣ್ಣ ಕೆಲಸ ಇಡಿ: ಒಂದು ಮೈಗೆ, ಒಂದು ಕೈಗೆ, ಒಂದು ಜನಕ್ಕೆ. ಡಾಕ್ಟರು ಒಪ್ಪಿದ ಮೇಲೆ ಬೆಳಿಗ್ಗೆ ಸಂಜೆ 5 ನಿಮಿಷ ನಡಿಗೆ, ದಿನಕ್ಕೆ ಒಂದೊಂದು ನಿಮಿಷ ಏರಿಸುತ್ತ. ಕೂತು ಮಾಡುವ ಕೆಲಸ: ಅವರೆಕಾಯಿ ಬಿಡಿಸುವುದು, ಹೂ ಕಟ್ಟುವುದು, ಲೆಕ್ಕ ಬರೆಯುವುದು. ದಿನಕ್ಕೆ ಒಬ್ಬರ ಜೊತೆ ಫೋನು. ಮನಸ್ಸು ಬಂದಾಗ ಮಾಡಲಿ ಎಂದು ಕಾಯಬೇಡಿ. ಹೊತ್ತಾದಾಗ ಮಾಡಿಸಿ, ಮನಸ್ಸು ಆಮೇಲೆ ಹಿಂದೆ ಬರುತ್ತದೆ. "ನೀವು ಏನೂ ಮುಟ್ಬೇಡಿ, ಸುಮ್ನೆ ಮಲಗಿ" ಎಂಬ ಅತಿ ಆರೈಕೆ ತಾನು ನಿಷ್ಪ್ರಯೋಜಕ ಎಂಬ ಭಾವನೆಯನ್ನೇ ಬೆಳೆಸುತ್ತದೆ.

ದೂರದ ಊರಿನಲ್ಲಿರುವ ಮಕ್ಕಳೂ ಮಾಡಬಹುದಾದದ್ದಿದೆ. ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತ ಬೈಪಾಸ್ ನಂತರ ಖಿನ್ನತೆ ಬಂದ 302 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನರ್ಸ್‌ಗಳು 8 ತಿಂಗಳು ಫೋನಿನಲ್ಲೇ ವಿಚಾರಿಸುತ್ತ, ಡಾಕ್ಟರಿಗೆ ತಿಳಿಸುತ್ತ ಚಿಕಿತ್ಸೆ ಹೊಂದಿಸಿದ ಗುಂಪು ಉಳಿದವರಿಗಿಂತ ಹೆಚ್ಚು ಸುಧಾರಿಸಿತು. "ಊಟ ಆಯ್ತಾ" ಎಂದು ದಿನಾ ಕೇಳುವ ಜೊತೆಗೆ ವಾರಕ್ಕೊಮ್ಮೆ, ಒಂದೇ ದಿನ ಒಂದೇ ಹೊತ್ತಿಗೆ ಕರೆ ಮಾಡಿ ನಿದ್ದೆ, ನಡಿಗೆ, ಮಾತ್ರೆ, ಮನಸ್ಸು ನಾಲ್ಕನ್ನೂ ಕೇಳಿ ಬರೆದಿಡಿ.

ಔಷಧಿ ಶುರುವಾದರೆ

ಖಿನ್ನತೆಯ ಮಾತ್ರೆ ಮೊದಲ ದಿನವೇ ಕೆಲಸ ಮಾಡುವುದಿಲ್ಲ. ಫಲ ಕಾಣಲು 2 ವಾರ, ಪೂರ್ತಿ ತಿಳಿಯಲು 4ರಿಂದ 6 ವಾರ. ಮೊದಲ ವಾರ ವಾಕರಿಕೆ, ಸ್ವಲ್ಪ ಚಡಪಡಿಕೆ ಬರಬಹುದು. ಬಹಳ ಜನ ಬಿಡುವುದು ಈ ವಾರದಲ್ಲೇ, ಅಡ್ಡಪರಿಣಾಮ ಅನುಭವಿಸಿ ಫಲ ಸಿಗುವ ಮುಂಚೆ. ಹುಷಾರಾದ ಮೇಲೂ ಸುಮಾರು 6 ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಹೃದಯ ರೋಗಿಗಳಲ್ಲಿ ಸರ್ಟ್ರಾಲಿನ್ ಸುರಕ್ಷಿತ ಎಂದು ಸಾಕಷ್ಟು ಪರೀಕ್ಷೆಯಾಗಿದೆ. ಆದರೂ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿರುವುದನ್ನು ಮನೋವೈದ್ಯರಿಗೆ ಡಿಸ್ಚಾರ್ಜ್ ಸಮ್ಮರಿ ಸಮೇತ ತೋರಿಸಿ. ಮಲ ಕಪ್ಪಾದರೆ (ಒಳಗೆ ರಕ್ತಸ್ರಾವದ ಗುರುತಿರಬಹುದು) ತಕ್ಷಣ ಹೇಳಿ. ಮಾತ್ರೆಯ ಜೊತೆ ಅಥವಾ ಅದರ ಬದಲಿಗೆ ಮಾತಿನ ಚಿಕಿತ್ಸೆಯೂ ಆಗುತ್ತದೆ; ಸೌಮ್ಯ ಮಟ್ಟದಲ್ಲಿ ಅದೇ ಸಾಕಾಗಬಹುದು.

"ಯಾಕಾದರೂ ಬದುಕಿದೆನೋ" ಎಂದಾಗ

ಈ ಮಾತನ್ನು ಗದರಿಸಿ ನಿಲ್ಲಿಸಬೇಡಿ. ನೇರವಾಗಿ ಕೇಳಿ: "ಸಾಯ್ಬೇಕು ಅಂತ ಯೋಚನೆ ಬರ್ತಿದೆಯಾ? ಹೇಗೆ ಅಂತಲೂ ಯೋಚನೆ ಮಾಡಿದ್ದೀರಾ?" ಕೇಳಿದರೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಬೇಡ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಒಬ್ಬರು ಸಿಗುತ್ತಾರೆ. ಹೌದು ಎಂದರೆ ಆ ರಾತ್ರಿ ಒಬ್ಬರನ್ನೇ ಬಿಡಬೇಡಿ. ನೋವಿನ ಮಾತ್ರೆ, ನಿದ್ದೆ ಮಾತ್ರೆ, ಇನ್ಸುಲಿನ್, ಹೊಲಕ್ಕೆ ಹೊಡೆಯುವ ಔಷಧಿ ಎಲ್ಲವೂ ಬೀಗದೊಳಗೆ ಹೋಗಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ. ಏನಾದರೂ ಸೇವಿಸಿಬಿಟ್ಟಿದ್ದರೆ ಫೋನಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ, ಡಬ್ಬಿ ಅಥವಾ ಚೀಟಿ ಜೊತೆಗೆ ಒಯ್ಯಿರಿ. ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡಬೇಡಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ, ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ.

ತುರ್ತಿಲ್ಲದ ಭೇಟಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ ಹತ್ತಿರದ ದಾರಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ; ನಿಮ್ಮ ತಾಲ್ಲೂಕಿಗೆ ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ಚೀಟಿ ಕೌಂಟರಿನಲ್ಲೋ ಮೊದಲೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದಾದರೆ ಆಪರೇಷನ್ ಫೈಲು, ಈಗಿನ ಮಾತ್ರೆಗಳ ಪಟ್ಟಿ, ಅಂಕ ಬರೆದಿಟ್ಟ ಆ ನೋಟ್‌ಬುಕ್ ಮೂರೂ ಚೀಲದಲ್ಲಿರಲಿ.

ಜೊತೆಯಲ್ಲಿರುವವರು ಬೆಂಚಿನ ಮೇಲೆ ಮಲಗಿ, ಬನ್ನು ತಿಂದು ಹತ್ತು ದಿನ ಕಳೆದಿರುತ್ತೀರಿ. ಎರಡು ರಾತ್ರಿಗೊಮ್ಮೆ ಇನ್ನೊಬ್ಬರಿಗೆ ಪಾಳಿ ಕೊಟ್ಟು ಮನೆಗೆ ಹೋಗಿ ಮಲಗಿ. ಪಿಎಚ್‌ಕ್ಯೂ-9ರ ಅದೇ ಒಂಬತ್ತು ಪ್ರಶ್ನೆಗಳನ್ನು ಒಮ್ಮೆ ನಿಮಗೂ ಹಾಕಿಕೊಳ್ಳಿ. 14416 ನಿಮ್ಮ ಕರೆಯನ್ನೂ ತೆಗೆದುಕೊಳ್ಳುತ್ತದೆ.